ಗದ್ದದ ಮೇಲಿನ ಗೆರೆ

ಅಂಗಳದಲ್ಲಿ ಒಣಹಾಕಿದ್ದ ಹುಲ್ಲನ್ನು ಅಳಿಯ ಗೋಡೆಯ ಬದಿಗೆ ತಳ್ಳುತ್ತಿದ್ದ. ಬೇಸಿಗೆಯ ಕೊನೆ, ಇನ್ನೆರಡು ಬಿಸಿಲು ಬಿದ್ದಿದ್ದರೆ ಅದು ಬಣವೆಗೆ ಏರುತ್ತಿತ್ತು. ಆದರೆ ಬಂದವರಿಗೆ ಕುರ್ಚಿ ಹಾಕಲು ಜಾಗ ಬೇಕಿತ್ತು. ನಡುಮನೆಯಲ್ಲಿ ಟೈಲರಮ್ಮ ಬಿಳಿ ಬಟ್ಟೆಯಡಿ ಮಲಗಿದ್ದಳು. ಬಟ್ಟೆಯ ಅಂಚನ್ನು ಯಾರೋ ಅವಸರದಲ್ಲಿ ಹೊಲಿದಿದ್ದರು, ಸೊಟ್ಟ. ಬದುಕಿದ್ದರೆ ಬಿಚ್ಚಿಸುತ್ತಿದ್ದಳು.

ಒಳಕೋಣೆಯಲ್ಲಿ ಮಗಳು ಮತ್ತು ಫೋಟೋ ಸ್ಟುಡಿಯೋದವನು ಟೈಲರಮ್ಮನ ಕಂಪ್ಯೂಟರಿನ ಮುಂದೆ ಕೂತಿದ್ದರು. ತಲೆದೆಸೆಯಲ್ಲಿಡಲು ಫೋಟೋ ಹುಡುಕಬೇಕಿತ್ತು.

"ಊರವರ ಫೋಟೋಗಳನ್ನೆಲ್ಲ ಇದರಲ್ಲೇ ಹೂವು, ರಿಬ್ಬನ್ ಹಾಕಿ ಸಿಂಗರಿಸಿದ್ದಾಳೆ. ತನ್ನದು ಮಾತ್ರ ಒಂದೂ ಇಲ್ಲ ನೋಡಣ್ಣ," ಎಂದಳು ಮಗಳು.

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಎರಡು ವರ್ಷದ ಮೇಲೆ ಅಕ್ಕನ ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚಿರಲಿಲ್ಲ.

"ಒಳಗೆ ಬಾ ಚಿಕ್ಕಮ್ಮಾ."

"ನನಗೆಲ್ಲಿದೆ ಜಾಗ?" ಅವಳು ಗೋಡೆಯತ್ತ ಗದ್ದ ಎತ್ತಿದಳು. ಚೌಕಟ್ಟಿನ ಹಳೆಯ ಫೋಟೋದಲ್ಲಿ ಅಕ್ಕತಂಗಿಯರ ಅಮ್ಮ ಕುರ್ಚಿಯ ಮೇಲೆ. ಒಂದು ಪಕ್ಕ ಎರಡು ಜಡೆಯ ಅಕ್ಕ. ಇನ್ನೊಂದು ಪಕ್ಕ, ತಂಗಿ ನಿಂತಿದ್ದ ಕಡೆ, ಬುಡದಿಂದ ತುದಿಯವರೆಗೂ ಹೂಬಳ್ಳಿ. "ಅಮ್ಮ ಹಾಸಿಗೆ ಹಿಡಿದಾಗ ನಾನು ಬರಲಿಲ್ಲ, ನಿಜ. ಅದಕ್ಕೆ ಫೋಟೋದಿಂದ ನನ್ನನ್ನೇ ಕತ್ತರಿಸಿ ಎಸೆಯೋದಾ? ಅಕ್ಕನ ಮುಖ ನೋಡಿ ಹೊರಟುಹೋಗ್ತೀನಿ."

*

ಸೂಜಿಗೆ ದಾರ ಪೋಣಿಸಲು ಕಣ್ಣು ಸೋತ ವರ್ಷ ಟೈಲರಮ್ಮ ಹಳೆಯ ಆಲ್ಬಮ್ ಹಿಡಿದು ಸ್ಟುಡಿಯೋಗೆ ಹೋಗಿದ್ದಳು.

"ಕಂಪ್ಯೂಟರಲ್ಲಿ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿ ನೋಡಬಹುದಂತಲ್ಲ. ಹೇಳಿಕೊಡಪ್ಪ, ಕೈ ಸುಮ್ಮನಿರ್ತಾ ಇಲ್ಲ. ಮೊದಲು ಇದು. ತಂಗಿ ಮುಖದ ಮೇಲೆ ಮಡಿಕೆ ಬಿದ್ದಿದೆ. ತೆಗೆದುಕೊಡ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ."

"ಅದು ಕೊನೇ ಪಾಠ ಅಮ್ಮಾ. ಮೊದಲು ಮೌಸ್ ಹಿಡೀರಿ."

ಅವಳು ಅದನ್ನು ಇಸ್ತ್ರಿಪೆಟ್ಟಿಗೆಯಂತೆ ಒತ್ತಿ ಎಳೆದಳು.

"ಒಂದೊಂದು ಚಿತ್ರಕ್ಕೂ ಒಂದೊಂದು ಲೇಯರ್. ಒಂದರ ಮೇಲೊಂದು."

"ಕೋಟಿನೊಳಗೆ ಲೈನಿಂಗ್ ಇದ್ದ ಹಾಗೆ ಅನ್ನು."

"ಬೇಡ ಅನಿಸಿದ್ರೆ ಡಿಲೀಟ್ ಮಾಡಬೇಡಿ. ಪಕ್ಕದ ಕಣ್ಣಿನ ಗುರುತು ಒತ್ತಿ, ಮರೆಯಾಗುತ್ತೆ. ಬೇಕಾದಾಗ ಮತ್ತೆ ಒತ್ತಿ."

ಅವಳು ನಕ್ಕಳು. "ಇದನ್ನ ನನಗೆ ಹೇಳಿಕೊಡ್ತೀಯ? ಅಂಗಿ ಹೊಲಿಯುವಾಗ ಪಕ್ಕದಲ್ಲಿ ಒಂದಿಷ್ಟು ಬಟ್ಟೆ ಒಳಗೆ ಮಡಚಿ ಬಿಟ್ಟಿರ್ತೀವಿ. ಮೈ ತುಂಬಿಕೊಂಡಾಗ ಬಿಚ್ಚೋಕೆ."

*

ಸ್ಟುಡಿಯೋದವನು ಗೋಡೆಯ ಮೇಲಿದ್ದ ಫೋಟೋದ ಫೈಲನ್ನು ತೆರೆದ. ಲೇಯರುಗಳ ಸಾಲಿನಲ್ಲಿ ಒಂದರ ಕಣ್ಣು ಮುಚ್ಚಿತ್ತು. ಒತ್ತಿದ. ಬಳ್ಳಿಯ ಮುಂದೆ ಗಿಡ್ಡ ಲಂಗದ ಹುಡುಗಿಯೊಬ್ಬಳು ಬಂದು ನಿಂತಳು.

"ಚಿಕ್ಕಮ್ಮಾ!" ಮಗಳು ಕೂಗಿದಳು.

ಚಪ್ಪಲಿ ಕಾಲಲ್ಲೇ ಅವಳು ಓಡಿಬಂದಳು. ಚಿತ್ರದ ಹುಡುಗಿಯ ಹಣೆಯ ಮೇಲೆ ಮಡಿಕೆಯಿರಲಿಲ್ಲ. ಮೂಗಿನ ಮೇಲೂ ಇರಲಿಲ್ಲ. ತುಟಿಯ ಕೆಳಗೆ, ಗದ್ದದ ಮೇಲೆ ಮಾತ್ರ ಒಂದು ಬಿಳಿ ಗೆರೆ ಉಳಿದಿತ್ತು.

"ಹೋದ ತಿಂಗಳು ಟೈಲರಮ್ಮನದು ಫೋನ್ ಮೇಲೆ ಫೋನ್," ಎಂದ ಸ್ಟುಡಿಯೋದವನು. "ಮಡಿಕೆ ಮುಚ್ಚೋಕೆ ಪಕ್ಕದ ಬಣ್ಣ ತಗೊಂಡು ಕೆನ್ನೆಗೆ ಹಚ್ಚೋದು ಹೇಗೆ ಅಂತ. ಯಾರ ಕೆನ್ನೆ ಅಂತ ಹೇಳಲಿಲ್ಲ." ಮೌಸಿಗೆ ಕೈ ಹಾಕಿದ. "ಇಷ್ಟೇ ತಾನೆ ಉಳಿದಿರೋದು, ಈಗಲೇ ತೆಗೆದುಬಿಡ್ತೀನಿ."

"ಮುಟ್ಟಬೇಡ." ಚಿಕ್ಕಮ್ಮ ಅವನ ಕೈ ಹಿಡಿದಳು. "ಅದು ಅಕ್ಕ ತೆಗೆದುಕೊಡಬೇಕಾದ್ದು."

ಹೊರಗಿನಿಂದ ಅಳಿಯ ಹೊತ್ತಾಯಿತೆಂದು ಕೂಗಿದ.

"ಇದನ್ನೇ ಪ್ರಿಂಟ್ ತೆಗಿಯಪ್ಪ," ಎಂದಳು ಚಿಕ್ಕಮ್ಮ. "ಅಕ್ಕನೂ ಇದ್ದಾಳಲ್ಲ ಇದರಲ್ಲಿ."

ಪ್ರಿಂಟರು ಕರಕರ ಎನ್ನುತ್ತ ಮೊದಲು ಬೈತಲೆಗಳನ್ನು, ಆಮೇಲೆ ಮುಖಗಳನ್ನು ಹೊರಗೆ ತಂದಿತು. ಚಿಕ್ಕಮ್ಮ ಚಪ್ಪಲಿ ಕಳಚಿಟ್ಟಳು. ಶಾಯಿ ಇನ್ನೂ ಹಸಿಯಾಗಿದ್ದ ಹಾಳೆಯನ್ನು ಎರಡೂ ಅಂಚಿನಲ್ಲಿ ಹಿಡಿದು, ಮಡಿಕೆ ಬೀಳದಂತೆ, ಅಕ್ಕನ ತಲೆದೆಸೆಯತ್ತ ನಡೆದಳು.