ಯಮನಮ್ಮನ ಜುಮ್ಮೆನ್ನುವ ಗೋಡೆ

ಓಣಿಯಲ್ಲೆಲ್ಲ ಫ್ಯಾನ್ ತಿರುಗುತ್ತಿತ್ತು. ವಳಕಮದಿನ್ನಿಯ ಯಮನಮ್ಮನ ಮನೆಯಲ್ಲಿ ಮಾತ್ರ ನಿನ್ನೆಯಿಂದ ಕರೆಂಟ್ ಇಲ್ಲ. ಮನೆ ಹಿಂದಿನ ಕಾಲುವೆಗೆ ನೀರು ಬಿಟ್ಟು ಹದಿನೈದು ದಿನ. ಫ್ಯೂಸ್ ಹೋದದ್ದು ಇದು ಮೂರನೇ ಸಲ. ಮುದುಕಿಗೆ ಸೆಕೆಯ ಚಿಂತೆಯಿರಲಿಲ್ಲ. ಕರೆಂಟ್ ಇಲ್ಲದಿದ್ದರೆ ಅವಳು ಮೊಣಕಾಲು ಒತ್ತಿ ಕೂರುವ ಗೋಡೆ ಜುಮ್ಮೆನ್ನುವುದಿಲ್ಲ, ಗೋಡೆ ಜುಮ್ಮೆನ್ನದಿದ್ದರೆ ಮೊಣಕಾಲು ನೋವು ಇಳಿಯುವುದಿಲ್ಲ!

ಸೊಸೆ ಅಮರೇಶ್ವರಿ ಮಹಿಳಾ ಸಂಘದಲ್ಲಿ ಹಳೇ ವೈರಿಂಗಿನ ಅಪಾಯ ಕೇಳಿ ಬಂದವಳು. ವೈರ್‌ಮನ್ ಹಸನ್‌ಸಾಬ್‌ನನ್ನು ಕರೆತಂದಳು.

"ಫ್ಯೂಸಿಗೆ ದಪ್ಪನ ತಂತಿ ಕಟ್ಟಿ ಹೋಗಪಾ" ಎಂದಳು ಯಮನಮ್ಮ. "ಪಕ್ಕದ ಮನಿ ಗದ್ದೆಪ್ಪ ಹಂಗ ಕಟ್ಯಾನ, ಅವನ ಮನ್ಯಾಗ ಎಂದೂ ಹೋಗಂಗಿಲ್ಲ."

"ಯವ್ವಾ, ಫ್ಯೂಸ್ ಅಂದ್ರ ಮನಿ ತಳವಾರ. ಕಳ್ಳ ಬಂದಾನ ಅಂತ ಕೂಗಾಕತ್ತಾನ. ನೀ ಅವನ ಬಾಯಾಗ ಬಟ್ಟಿ ತುರುಕು ಅಂತೀಯಲ್ಲ!"

ಹಸನ್‌ಸಾಬ್ ಸರಿಯಾದ ತಂತಿ ಹಾಕಿ, ಪರೀಕ್ಷೆಗೆಂದು ಮೇನ್ ಸ್ವಿಚ್ ಎತ್ತಿದ. ಯಮನಮ್ಮ ಸಂಭ್ರಮದಿಂದ ಗೋಡೆಯತ್ತ ಕುಂಟಿದಳು.

"ಮುಟ್ಟಿ ನೋಡಪಾ, ಭಾಳ ಹಿತ ಐತಿ. ಎದುರುಮನಿ ಜೋಗಮ್ಮಗೂ ಬಾ ಅಂದೀನಿ."

"ಮುಟ್ಟಬ್ಯಾಡ!" ಎಂದು ಅವಳನ್ನು ತಡೆದು, ಅವನು ಗೋಡೆಗೆ ಟೆಸ್ಟರ್ ಹಿಡಿದ. ಬರೀ ಗೋಡೆಯಲ್ಲೇ ಟೆಸ್ಟರ್ ಕೆಂಪಗೆ ಉರಿಯಿತು.

"ಹಿತ ಅಲ್ಲ ಯವ್ವಾ, ಕರೆಂಟ್! ಮೂವತ್ತು ವರ್ಷದ ವೈರ್, ಮ್ಯಾಲಿನ ರಬ್ಬರೆಲ್ಲ ಉದುರೈತಿ. ಕಾಲುವಿ ನೀರಿಗೆ ಗ್ವಾಡಿ ತೇವ ಏರೈತಿ. ಅರ್ಥಿಂಗೂ ಇಲ್ಲ."

"ನನಗೇನೂ ಆಗಿಲ್ಲಲ್ಲ?"

"ನಿನ್ನ ಕಾಲಾಗ ರಬ್ಬರ್ ಚಪ್ಪಲಿ ಐತಿ. ಬರಿಗಾಲಿಲೆ, ಹಸಿ ಕೈಲೆ ಮುಟ್ಟಿದವರು ಉಳಿಯಂಗಿಲ್ಲ."

ಯಮನಮ್ಮ ಗೋಡೆಯ ಬುಡ ನೋಡಿದಳು. ಇವತ್ತು ಅಮಾವಾಸ್ಯೆ. ಬೆಳಿಗ್ಗೆಯಷ್ಟೇ ಅಮರೇಶ್ವರಿ ಬರಿಗಾಲಲ್ಲಿ ಕೂತು, ಹಸಿ ಕೈಯಿಂದ ಅಲ್ಲೆಲ್ಲ ಸಾರಿಸಿದ್ದಳು. ಕರೆಂಟ್ ಇರಲಿಲ್ಲ, ಉಳಿದಳು. ಮುದುಕಿ ಗೋಡೆಯಿಂದ ದೂರ ಸರಿದಳು.

"ಏ ಹಸನ್‌ಸಾಬ, ಮದ್ಲ ಫ್ಯೂಸ್ ಕೀಳು! ಹಳೇ ವೈರ್ ಒಂದ ಗೇಣೂ ಉಳಸಬ್ಯಾಡ. ನನ್ನ ಸೊಸಿ ಬಾಳೋ ಮನಿ ಇದು."

ಎರಡು ದಿನದಲ್ಲಿ ಹೊಸ ವೈರ್, ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಬೀಳುವ ಟ್ರಿಪ್ ಸ್ವಿಚ್ ಎಲ್ಲ ಬಂದವು. ಗೋಡೆ ತಣ್ಣಗಾಯಿತು. ಅಮರೇಶ್ವರಿ ಎಣ್ಣೆ ಬಿಸಿ ಮಾಡಿ ಅತ್ತೆಯ ಮೊಣಕಾಲು ತಿಕ್ಕಿದಳು.

"ಕೈಯಾಗ ಇಷ್ಟು ಹಿತ ಇಟ್ಟುಕೊಂಡು, ಇಷ್ಟ ದಿನ ನನ್ನ ಗ್ವಾಡಿಗೆ ಬಿಟ್ಟಿದ್ದೇನಲೇ?"

"ನೀವು ಗ್ವಾಡಿನ್ನ ಕೇಳಿದ್ರಿ, ಅತ್ತಿ. ನನ್ನ ಕೇಳಿದ್ದಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಗೋಡೆ ಜುಮ್ಮೆಂದಿದೆಯೇ? ಫ್ಯೂಸ್ ಪದೇ ಪದೇ ಹೋಗುತ್ತಿದೆಯೇ? ಒಣ ಕೈಯಿಂದ ಮೇನ್ ಸ್ವಿಚ್ ಇಳಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಕಂಬದಿಂದ ಬರುವ ತಂತಿ ಕೆಟ್ಟಿದ್ದರೆ ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿ. ಯಾರೂ ಬರದಿದ್ದರೆ ಸಂಘದವರೆಲ್ಲ ಕೂಡಿ ಕರೆಂಟ್ ಆಫೀಸಿಗೆ ಹೋಗಿ ಕೇಳಿ. ಬಡವರ ಮನೆಗೆ ಹಳೇ ತಂತಿಯೇ ಗತಿ ಎಂದು ಯಾರಪ್ಪನ ಶಾಸನವೂ ಇಲ್ಲ. ಮೊಣಕಾಲು ನೋವಿಗೆ ಎಣ್ಣೆ ಇದೆ. ಹೋದ ಜೀವಕ್ಕೆ ಏನಿದೆ?