ಎರಡನೇ ದನಿಯ ಟ್ರ್ಯಾಕ್

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಪಿಸು ಅಂತಲೇ ಕರೆಯುತ್ತಿದ್ದರು. ಅವಳು ಬಾಯಿ ತೆರೆದರೆ ಎದುರಿನವರು ಕಿವಿ ಹತ್ತಿರ ತರಬೇಕು, ಅಂಥ ದನಿ. ಅಕ್ಕ ಹೆಸರಾಂತ ಹಾಡುಗಾರ್ತಿ. ತಂಗಿ ಅದೇ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಕೆಮ್ಮು ಕತ್ತರಿಸುವವಳು.

ಅಕ್ಕನಿಗೆ ಹೆಸರು ತಂದ ಹಾಡು ಹಳೆಯದಾಗಿತ್ತು. ಅಭಿಮಾನಿಗಳು ಮನೆಯಲ್ಲೇ ಕೂತು ತಮಗೆ ಬೇಕಾದ ಹಾಗೆ ಬೆರೆಸಿಕೊಳ್ಳಲಿ ಎಂದು ಸ್ಟುಡಿಯೋದ ಯಜಮಾನರು ಅದರ ಟ್ರ್ಯಾಕುಗಳನ್ನೆಲ್ಲ ಬಿಡಿಬಿಡಿಯಾಗಿ ಇಂಟರ್‌ನೆಟ್ಟಿಗೆ ಹಾಕಲು ಹೊರಟರು. ಡ್ರಮ್ಮು ಬೇರೆ, ಪಿಟೀಲು ಬೇರೆ, ಅಕ್ಕನ ದನಿ ಬೇರೆ.

"ಪಿಸು, ಎಲ್ಲಾ ಒಂದ್ಸಲ ಕೇಳಿ ಕ್ಲೀನ್ ಮಾಡಮ್ಮ. ಆವತ್ತು ರೆಕಾರ್ಡಿಂಗಲ್ಲಿ ನಾವು ಹೊಡೆದ ಹರಟೆ ಲೋಕಕ್ಕೆ ಕೇಳಿಸಿದ್ರೆ ಮಾನ ಹೋಗತ್ತೆ."

"ಸರ್, ನಂದೂ ಹಾಕ್ತೀರಾ?"

"ನಿಂದ್ಯಾವುದು?"

"ಎರಡನೇ ದನಿ."

"ಓ, ಅದಾ! ಹಾಕು, ಏನೀಗ."

ಆ ಹಾಡಿನಲ್ಲಿ ಅಕ್ಕನ ಬೆನ್ನಿಗೆ ಪಿಸುವೂ ಹಾಡಿದ್ದಳು. ಅದು ಎಲ್ಲಿದೆಯೆಂದು ಭೂತಗನ್ನಡಿ ಹಿಡಿದು ಹುಡುಕಬೇಕು. ಅಮ್ಮ ಮಾತ್ರ ರೇಡಿಯೋಗೆ ಕಿವಿಯಿಟ್ಟು, "ಇಲ್ಲಿ ನೀನೇ ಅಲ್ವೇನೇ?" ಅನ್ನುತ್ತಿದ್ದಳು. ಅದು ಪಿಟೀಲು. ಪಿಸು ಹೂಂ ಅನ್ನುತ್ತಿದ್ದಳು.

ಈಗ ಯಾವುದೋ ಕೋಣೆಯಲ್ಲಿ ಯಾರೋ ಒಬ್ಬರು ಉಳಿದದ್ದನ್ನೆಲ್ಲ ತಗ್ಗಿಸಿ, ಪಿಸುವಿನ ದನಿಯನ್ನು ಏರಿಸಿ ಕೇಳಬಹುದು. ಒಬ್ಬರೇ ಸಾಕು. ಆ ಆಸೆಗೆ ಎಲ್ಲ ಟ್ರ್ಯಾಕುಗಳನ್ನೂ ಕಣ್ಣಲ್ಲಿ ಕಣ್ಣಿಟ್ಟು ಕ್ಲೀನ್ ಮಾಡಿದಳು, ತನ್ನದೊಂದನ್ನು ಬಿಟ್ಟು. ತನ್ನ ದನಿ ತಾನೇ ಕೇಳುವುದೆಂದರೆ ಮೈಯೆಲ್ಲ ಮುದುಡುತ್ತಿತ್ತು. ಪ್ಲೇ ಬಟನ್ ಮೇಲೆ ಬೆರಳಿಟ್ಟಳು, ತೆಗೆದಳು. ಹಾಗೇ ಕಳಿಸಿಬಿಟ್ಟಳು.

ರೀಮಿಕ್ಸುಗಳು ಬಂದು ಬಿದ್ದವು. ಕುಣಿಸುವಂಥದು, ಅಳಿಸುವಂಥದು, ಡ್ರಮ್ಮು ಬಡಿದು ತಲೆನೋವು ತರಿಸುವಂಥದು. ಎಲ್ಲದರಲ್ಲೂ ಅಕ್ಕ. ಪಿಸುವಿನ ಸುಳಿವಿಲ್ಲ.

ಆಮೇಲೆ ಒಂದು ಬಂತು. ಬಂದದ್ದೇ ತಡ, ಫೋನಿನಿಂದ ಫೋನಿಗೆ ಹಾರಿತು. ಕುಣಿತದ ತಾಳಕ್ಕೆ ಅಕ್ಕನ ಮಾತು, ಮತ್ತೆ ಮತ್ತೆ: "ಅವಳು ಹಾಡ್ಕೊಳ್ಳಿ ಬಿಡಿ ಸರ್. ಆಮೇಲೆ ಸೌಂಡ್ ಇಳಿಸಿದ್ರಾಯ್ತು. ಅಮ್ಮನ ಕಾಟ ತಪ್ಪತ್ತೆ."

ಜನ ಬಿದ್ದು ಬಿದ್ದು ನಕ್ಕರು. ಅಕ್ಕ ಫೋನ್ ಮಾಡಿದಳು.

"ಬೇಕಂತಲೇ ಬಿಟ್ಯಲ್ಲೇ? ಇಷ್ಟು ವರ್ಷ ಹೊಟ್ಟೇಲಿಟ್ಕೊಂಡು ಕಾಯ್ತಿದ್ಯಾ?"

"ಇಲ್ಲ ಅಕ್ಕ, ನಾನು ಕೇಳೇ ಇರ್ಲಿಲ್ಲ."

"ಏನಂದೆ? ಬಾಯಿ ಬಿಟ್ಟು ಹೇಳು!"

ಹೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಅಡುಗೆಮನೆಯಲ್ಲಿ ಅಮ್ಮ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ರೇಡಿಯೋ ಹಾಕಿರಲಿಲ್ಲ.

ಪಿಸು ಮೊದಲ ಸಲ ತನ್ನ ಟ್ರ್ಯಾಕ್ ಹಾಕಿ ಕೇಳಿದಳು. ಆವತ್ತು ನಡುವೆ ನೀರು ಕುಡಿಯಲು ಹೋಗುವಾಗ ಹೆಡ್‌ಫೋನನ್ನು ಮೈಕಿಗೇ ನೇತುಹಾಕಿದ್ದು ನೆನಪಾಯಿತು. ಗಾಜಿನಾಚೆ ಅಕ್ಕನ ಜೊತೆ ಕೂತಿದ್ದ ಯಜಮಾನರು ಒಳಗಿನವರ ಜೊತೆ ಮಾತಾಡಲು ಒತ್ತುವ ಬಟನ್ನನ್ನು ಆಫ್ ಮಾಡಲು ಮರೆತಿರಬೇಕು. ಅಕ್ಕನ ಮಾತು ಹೆಡ್‌ಫೋನಿಗೆ ಬಂದು, ಅಲ್ಲಿಂದ ಮೈಕಿಗೆ ಇಳಿದಿತ್ತು.

ಮಾತು ಮುಗಿದು ಬಾಗಿಲ ಸದ್ದು. ಆಮೇಲೆ ಪಿಸುವಿನ ದನಿ. ಎಲ್ಲೂ ನಡುಗದೆ, ಅವಳೇ ಬೆರಗಾಗುವ ಹಾಗೆ, ಕೊನೆಯವರೆಗೂ ತುಂಬಿ ಹಾಡಿತು. ಟ್ರ್ಯಾಕಿನೊಳಗಿನ ಆವತ್ತಿನ ಆ ಹುಡುಗಿ ಉಸಿರೆಳೆದುಕೊಂಡು ಕೇಳಿದಳು: "ಸರಿ ಬಂತಾ ಅಕ್ಕ?"

ಹೆಡ್‌ಫೋನಿನಿಂದ ತೆಳ್ಳಗೆ ಸೋರಿದ ಉತ್ತರ: "ತುಂಬಾ ಚೆನ್ನಾಗಿ ಬಂತು ಕಣೇ."

ಬೆಳಿಗ್ಗೆ ಯಜಮಾನರು ಅವಳ ಮುಖ ನೋಡದೆ ಹೇಳಿದರು, "ಆ ಟ್ರ್ಯಾಕ್ ತೆಗೆದುಬಿಡಮ್ಮ."

ಮಾತಷ್ಟನ್ನೇ ಕತ್ತರಿಸಿ ಹಾಡನ್ನು ಉಳಿಸುವುದು ಅವಳಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ತುಟಿ ಅಲುಗಿತು.

"ಏನಾದ್ರೂ ಹೇಳಿದ್ಯಾ?"

"ಇಲ್ಲ ಸರ್," ಅಂದಳು ಪಿಸು. ಟ್ರ್ಯಾಕನ್ನು ತೆಗೆದಳು.