ಪಂಚಮಿಯ ಪೈಠಣಿ

ಪುಣೆಯ ಅಮೋಲ್ ಸಾಹೇಬರ ಡಾಕ್ಯುಮೆಂಟರಿಯಲ್ಲಿ ಎರಡು ಭಾಗಗಳಿದ್ದವು. ಕ್ರಿಪ್ಟೊ ನಾಣ್ಯದಿಂದ ಜಗತ್ತಿಗೆ ಒಳ್ಳೆಯದಾಗುತ್ತದೆ ಎಂಬುದು ಮೊದಲನೆಯದು, ಆಗಲಿಲ್ಲ ಎಂಬುದು ಎರಡನೆಯದು. ಮೊದಲನೆಯದನ್ನು ಪುಣೆಯ ಏಸಿ ಕೋಣೆಯಲ್ಲೇ ಮುಗಿಸಿದ್ದರು. ಬ್ಯಾಂಕಿಲ್ಲದ ಹಳ್ಳಿಗಳಿಗೆ ಇದೊಂದು ವರ ಎಂದು ಅಲ್ಲಿ ಒಬ್ಬ ಪಂಡಿತರು ಹೇಳಿದ್ದರಂತೆ. ಸೊಲ್ಲಾಪುರದ ಕಡೆಯ ನಮ್ಮ ಮಂದ್ರೂಪದಲ್ಲಿ ಬ್ಯಾಂಕಿದೆ. ಅದೇನೇ ಇರಲಿ, ಎರಡನೆಯ ಭಾಗಕ್ಕೆ ಅವರು ಮಂದ್ರೂಪದಾಚೆಗಿನ ನಮ್ಮ ಕುರಿಗಾರರ ವಸ್ತಿಗೆ ಬಂದರು.

ನಾನು ಅವರ ದುಭಾಷಿ, ಅದೇ ವಸ್ತಿಯ ಹುಡುಗಿ. ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಅವತ್ತು ರಜೆ ಹಾಕಿದ್ದೆ. ಸಾಹೇಬರಿಗೆ ಕನ್ನಡ ಬಾರದು. ನಮ್ಮವ್ವ ತುಳಜಾಬಾಯಿಗೆ ಮರಾಠಿ ಬರುತ್ತದೆ, ಆದರೆ ಸಿಟ್ಟು ಬಂದಾಗ ಬರುವುದಿಲ್ಲ. ಕಾಯಿನ್ ವಿಷಯ ತೆಗೆದರೆ ಅವಳಿಗೆ ಸಿಟ್ಟು ಬರುತ್ತದೆ.

ಎರಡು ವರ್ಷದ ಹಿಂದೆ, ಜೂನಿನ ಮಿರ್ಗದ ಮಳೆಗೆ ಮುಂಚೆ, ಅವ್ವನ ಅಣ್ಣ ಸಿದ್ರಾಮ ಮಾಮಾ ಸೊಲ್ಲಾಪುರದ ಒಂದು ಹಾಲ್‌ನಲ್ಲಿ ಮೀಟಿಂಗ್ ಕೇಳಿ, ತಂಪು ಪಾನೀಯ ಕುಡಿದು, ‘ಸೂರ್ಯಫೂಲ್ ಕಾಯಿನ್’ ಎಂಬುದನ್ನು ತಲೆಗೆ ಹಾಕಿಕೊಂಡು ಬಂದಿದ್ದ.

“ಇದರಾಗ ಯಾರನ್ನೂ ನಂಬೂದ ಬ್ಯಾಡ ತುಳಜಾ. ಎಲ್ಲಾ ಮಷಿನ್ ಲೆಕ್ಕ” ಎಂದ.

ಅವ್ವ ಮಷಿನ್ನನ್ನು ನಂಬಲಿಲ್ಲ, ಕಾಯಿನ್ನನ್ನೂ ನಂಬಲಿಲ್ಲ. ಅಣ್ಣನನ್ನು ನಂಬಿ ಹಿಂಡಿನಿಂದ ಮೂವತ್ತು ಕುರಿ ಮಾರಿ ಹಣ ಹಾಕಿದಳು. ಮಾಮಾ ತನ್ನವು ಇಪ್ಪತ್ತು ಮಾರಿದ. ದೀಪಾವಳಿಯ ಹೊತ್ತಿಗೆ ಮೊಬೈಲಿನಲ್ಲಿ ಆ ಆ್ಯಪ್ ತೆರೆಯುವುದೇ ನಿಂತಿತು. ಹಾಲ್‌ನಲ್ಲಿ ಭಾಷಣ ಮಾಡಿದವರ ಫೋನ್ ಕೂಡ ನಿಂತಿತು.

ಕುರಿ ಹೋದದ್ದಕ್ಕೆ ಅವ್ವ ಅಳಲಿಲ್ಲ. ಕುರಿ ಅಂದಮೇಲೆ ತೋಳ ಇದ್ದದ್ದೇ ಎಂದಳು. ಆದರೆ ಪಕ್ಕದ ಮನೆಯ ಸಕ್ಕುಬಾಯಿ ಒಂದು ದಿನ ಉಪ್ಪು ಕೇಳಲು ಬಂದು, “ಮಂದೀನ ಜೋಡಿಸಿದವರಿಗಿ ಕಂಪನಿ ಕಮಿಷನ್ ಕೊಡತಿತ್ತಂತ. ನಿಮ್ಮಣ್ಣಗೂ ಬಂದಿರಬೇಕ ನೋಡವಾ” ಎಂದು ಹೇಳಿ, ಉಪ್ಪು ತೆಗೆದುಕೊಂಡು ಹೋದಳು. ಅಂದಿನಿಂದ ಅವ್ವನಿಗೆ ಅನ್ನ ಸೇರಲಿಲ್ಲ. ಅಣ್ಣನೂ ತನ್ನ ಹಾಗೆ ಮುಳುಗಿದನೋ, ತನ್ನನ್ನು ಮಾರಿಕೊಂಡು ತಿಂದನೋ ಎಂಬುದೊಂದೇ ಪ್ರಶ್ನೆ. ಬಾಯಿಬಿಟ್ಟು ಕೇಳಿದರೆ ತವರು ಕಡಿದುಹೋಗುತ್ತದೆ. ತಾಯಿ ತಂದೆ ತೀರಿದವಳಿಗೆ ಅಣ್ಣನ ಅಂಗಳ ಬಿಟ್ಟರೆ ಬೇರೆ ತವರು ಎಲ್ಲಿದೆ? ಕ್ಯಾಮೆರಾದವರು ಬರುತ್ತಾರೆ ಎಂದು ಗೊತ್ತಾದಾಗ, “ಅವರೇ ಕೇಳಲಿ” ಎಂದು ನನ್ನ ಕೈಯಿಂದಲೇ ಆ ಪ್ರಶ್ನೆಯನ್ನು ಅವರ ಪಟ್ಟಿಗೆ ಸೇರಿಸಿದಳು.

ನಮ್ಮ ಕುರಿಗಾರರ ದೇವರು ಬೀರೋಬಾನ ಗುಡಿಯ ಮುಂದೆ ಶೂಟಿಂಗ್. ಬಣ್ಣದ ಬಟ್ಟೆ ಉಟ್ಟು ಬರಬೇಕೆಂದು ಸಾಹೇಬರು ಮೊದಲೇ ಹೇಳಿದ್ದರು. ಅವ್ವ ಟ್ರಂಕಿನಿಂದ ಹಸಿರು ಪೈಠಣಿ ರೇಷ್ಮೆ ಸೀರೆ ತೆಗೆದು ಉಟ್ಟಳು. ಪ್ರತಿ ನಾಗರ ಪಂಚಮಿಗೂ ಒಂದು ಕುಪ್ಪಸದ ಖಣ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ ಮಾಮಾ, ಕಾಯಿನ್ ಕೊಂಡ ವರ್ಷ ಇದನ್ನು ಕೊಟ್ಟಿದ್ದ. ಅವ್ವ ಅದನ್ನು ಎರಡೇ ಸಲ ಉಟ್ಟಿದ್ದಳು. ವಸ್ತಿಯಲ್ಲಿ ಎಲ್ಲರಿಗೂ ತೋರಿಸಿದ್ದು ಮಾತ್ರ ಇಪ್ಪತ್ತು ಸಲ.

ಸಾಹೇಬರು ಮಾಮಾನಿಗೆ ಆ ಕಮಿಷನ್ ಪ್ರಶ್ನೆ ಕೇಳಿದರು. ನಾನು ಕನ್ನಡಕ್ಕೆ ತಂದೆ. ಮಾಮಾ ಕಂಬಳಿ ಸರಿಮಾಡಿಕೊಂಡು, “ನನಗೇನ ಬರತೈತ್ರಿ ಸಾಹೇಬ್ರ. ತಂಗೀದು ಹೋತು, ನಂದೂ ಹೋತು. ಒಂದ ರೂಪಾಯಿ ಫಾಯದಾ ಆಗಿಲ್ಲ” ಎಂದ.

ಅವ್ವ ಸೆರಗು ಸರಿಮಾಡಿಕೊಂಡಳು. ಎರಡು ವರ್ಷದ ಮೇಲೆ ಅವಳ ಮುಖ ಹಗುರಾದದ್ದನ್ನು ಕಂಡೆ. ನನಗೂ ಖುಷಿಯಾಯಿತು. ಚಹಾ ಕುಡಿದು ಎಲ್ಲರೂ ಮನೆಗೆ ಹೋಗಬಹುದಿತ್ತು.

ಸಾಹೇಬರಿಗೆ ಸಮಾಧಾನವಾಗಲಿಲ್ಲ. ಹಿಂದೆ ಬೂದು ಗೋಡೆ, ಮೈಮೇಲೆ ಕರಿ ಕಂಬಳಿ, ಚಿತ್ರ ಮಂಕಾಗಿದೆ ಎಂದರು. ಅಷ್ಟರಲ್ಲಿ ಅವರ ಕಣ್ಣು ಗುಡಿಯೊಳಗೆ ದೇವರ ಮುಂದಿದ್ದ ಭಂಡಾರದ ರಾಶಿಯ ಮೇಲೆ ಬಿತ್ತು.

“ಆ ಅರಿಶಿನ ಪುಡಿ ಒಂದು ಮುಷ್ಟಿ ಕೈಯಲ್ಲಿ ಹಿಡಿದು ಅದೇ ಮಾತು ಇನ್ನೊಮ್ಮೆ ಹೇಳಲಿ.”

“ಸಾಹೇಬ್, ಅದು ಬಣ್ಣಕ್ಕಲ್ಲ. ಅದನ್ನು ಹಿಡಿದು ಹೇಳಿದರೆ ಆಣೆ ಮಾಡಿದ ಹಾಗೆ.”

“ಇನ್ನೂ ಒಳ್ಳೆಯದಾಯಿತು” ಎಂದರು.

ಬೇಡ ಎಂದು ನಾನು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಪೂಜಾರಿ ಕಲ್ಲಣ್ಣ ಒಂದು ಮುಷ್ಟಿ ಭಂಡಾರ ತಂದು ಮಾಮಾನ ಅಂಗೈಗೆ ಸುರಿದ. ನಮ್ಮ ಮಂದಿ ರೇಷನ್ ಅಂಗಡಿಯಲ್ಲಿ ಸುಳ್ಳು ಹೇಳುತ್ತಾರೆ, ಕೋರ್ಟಿನಲ್ಲಿ ಹೇಳುತ್ತಾರೆ, ಬೀಗರ ಮುಂದಂತೂ ಹೇಳಲೇಬೇಕು. ಭಂಡಾರ ಹಿಡಿದು ಹೇಳುವುದಿಲ್ಲ. ಹೇಳಿದವರ ಹಿಂಡು ಉಳಿದದ್ದಿಲ್ಲ.

ಕ್ಯಾಮೆರಾ ಶುರುವಾಯಿತು. ಮಾಮಾ ಬಾಯಿ ತೆರೆದ, ಮುಚ್ಚಿದ.

“ಮಾಮಾ, ಮೊದಲ ಹೇಳಿದ್ದನ್ನ ಹೇಳಬೇಕಂತ” ಎಂದೆ.

“ಅದನ್ನ ಹೇಳಾಕ ಆಗೂದಿಲ್ಲವಾ.” ಬೆರಳು ಮಡಚಿ ಮುಷ್ಟಿ ಕಟ್ಟಿದ. “ಖರೇ ಹೇಳತೀನಿ. ತುಳಜಾನ ಜೋಡಿಸಿದ್ದಕ್ಕ ನನಗ ಹನ್ನೊಂದ ಸಾವಿರ ಬಂದಿತ್ತು. ತಿನ್ನಾಕ ಮನಸಾಗಲಿಲ್ಲ. ಅಷ್ಟೂ ರೊಕ್ಕ ಕೊಟ್ಟು ಪೈಠಣಿ ತಂದು, ಪಂಚಮಿಗಿ ಅಂತ ಹೇಳಿ ಕೊಟ್ಟೆ.”

ನಾನು ಅದನ್ನು ಮರಾಠಿಗೆ ತಂದೆ. ಧ್ವನಿ ಸ್ಪಷ್ಟವಾಗಲಿಲ್ಲವೆಂದು ಸಾಹೇಬರು ಮಾಮಾನಿಂದ ಇನ್ನೊಮ್ಮೆ ಹೇಳಿಸಿದರು. ಹೀಗಾಗಿ ಅವ್ವ ಅದನ್ನು ಒಟ್ಟು ಮೂರು ಸಲ ಕೇಳಬೇಕಾಯಿತು.

ಅವಳು ಸೆರಗಿಗೆ ಸಿಕ್ಕಿಸಿದ್ದ ಮೈಕನ್ನು ಬಿಚ್ಚಿ ನನ್ನ ಕೈಗಿಟ್ಟಳು. ಮಾಮಾ ತಲೆ ಎತ್ತಲಿಲ್ಲ.

“ಆ ಸೀರಿ ತಗದ ಇಡು ತುಳಜಾ. ನನಗ ನೋಡಾಕ ಆಗವಲ್ದು.”

“ಯಾಕ ತಗದ ಇಡಲಿ?” ಎಂದಳು ಅವ್ವ. ದನಿ ಏರಲಿಲ್ಲ. “ಅಣ್ಣ ಕೊಟ್ಟಾನಂತ ಎರಡ ವರ್ಸ ಟ್ರಂಕಿನ್ಯಾಗ ಕಾದೆ. ನನ್ನ ಕುರಿ ರೊಕ್ಕದ್ದ ಐತಿ ಅಂದಮ್ಯಾಲ ದಿನಾ ಉಡತೀನಿ.”

ಪೈಠಣಿಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗುಡಿಯ ಪಕ್ಕದ ಕುರಿದೊಡ್ಡಿಗೆ ಹೋಗಿ ಕಸಬರಿಗೆ ಹಿಡಿದಳು. ಸೆರಗಿನ ಜರಿಯ ಗಿಳಿಗಳು ಕುರಿ ಹಿಕ್ಕೆಯಲ್ಲಿ ಹೊರಳಾಡುತ್ತಿದ್ದವು. ಮಾಮಾ ಭಂಡಾರದ ಮುಷ್ಟಿಯನ್ನು ಬಿಗಿಹಿಡಿದೇ ಕೂತಿದ್ದ. ಅದನ್ನು ಎಲ್ಲಿ ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ.

“ಅವರು ಏನೆಂದರು?” ಎಂದು ಸಾಹೇಬರು ನನ್ನನ್ನು ಕೇಳಿದರು.

“ಕುರಿಗಳಿಗೆ ನೀರು ಕುಡಿಸುವ ಹೊತ್ತಾಯಿತಂತೆ” ಎಂದೆ.

ನನ್ನ ಕೈಯಲ್ಲಿ ಭಂಡಾರ ಇರಲಿಲ್ಲ.